ಇಪ್ಪತ್ತೈದು ಮೊನೆಯ ನಕ್ಷತ್ರ

ಎಂಜಿನಿಯರಿಂಗ್ ಓದುವವರಿಗೆ ದಿನ ಎಣಿಸೋದನ್ನು ಯಾರೂ ಹೇಳಿಕೊಡಬೇಕಾಗಿಲ್ಲ. ಇಂಟರ್ನಲ್ಸಿಗೆ ಎಷ್ಟು ದಿನ, ಲ್ಯಾಬ್ ರೆಕಾರ್ಡ್ ಸಬ್ಮಿಷನ್ನಿಗೆ ಎಷ್ಟು ದಿನ, ಅಟೆಂಡೆನ್ಸ್ ಎಪ್ಪತ್ತೈದು ಮುಟ್ಟಲು ಇನ್ನೆಷ್ಟು ಕ್ಲಾಸು, ಊರಿಗೆ ಹೋಗೋ ರಾತ್ರಿ ಬಸ್ಸಿಗೆ ಇನ್ನೆಷ್ಟು ರಾತ್ರಿ. ನಮ್ಮ ಇಡೀ ಸೆಮಿಸ್ಟರ್ ಓಡೋದೇ ಈ ಇಳಿಕೆ ಲೆಕ್ಕದ ಮೇಲೆ. ಆದರೆ ಹತ್ತರ ಆಚೆ ಎಣಿಸಲಿಕ್ಕೇ ಬಾರದ ಒಬ್ಬ ಹುಡುಗನಿಗೆ ಇಪ್ಪತ್ತೈದು ದಿನ ಕಾಯೋದನ್ನು ತೋರಿಸಿಕೊಡೋದು ಹೇಗೆ? 2024ರ ಡಿಸೆಂಬರಿನಲ್ಲಿ ನಾವು ನಾಲ್ಕು ಜನ ಸೇರಿ ತಲೆ ಕೆಡಿಸಿಕೊಂಡ ಪ್ರಶ್ನೆ ಇದು.

ನಾವು ಅಂದರೆ ಒಂದೇ ರೂಮಿನ ನಾಲ್ವರು. ಗದಗಿನವನೊಬ್ಬ, ಹಾಸನದವನೊಬ್ಬ, ಶಿರಸಿಯವನೊಬ್ಬ, ಬೆಂಗಳೂರಿನವನೊಬ್ಬ. ಹಾಸ್ಟೆಲ್ ಬಿಟ್ಟು ಮಂಗಳೂರಿನ ಒಂದು ಹಂಚಿನ ಮನೆಯ ಮಹಡಿಯಲ್ಲಿ ಬಾಡಿಗೆಗಿದ್ದೆವು. ಕ್ಯಾಥೊಲಿಕ್ ಮನೆ. ಕೆಳಗೆ ಅಜ್ಜಿ, ಆಂಟಿ, ಎರಡನೇ ಕ್ಲಾಸಿನ ಒಬ್ಬ ಹುಡುಗಿ ಮತ್ತು ಎಲ್‌ಕೆಜಿಗೆ ಹೋಗುವ ಅವಳ ತಮ್ಮ. ತಮ್ಮನನ್ನು ಎಲ್ಲರೂ ಬಾಬು ಅಂತಲೇ ಕರೀತಾರೆ. ಅಂಕಲ್ ಇರೋದು ಕುವೈತಿನಲ್ಲಿ. ಕರಾವಳಿಯಲ್ಲಿ ಇದೇನೂ ವಿಶೇಷ ಅಲ್ಲ, ಆ ಬೀದಿಯ ಮೂರು ಮನೆಗೊಂದರಲ್ಲಿ ಯಾರಾದರೊಬ್ಬರು ಗಲ್ಫ್‌ನಲ್ಲಿದ್ದಾರೆ. ವರ್ಷಕ್ಕೊಮ್ಮೆ ರಜೆ. ಆ ಸಲದ ರಜೆ ಕ್ರಿಸ್ಮಸ್ಸಿಗೆ ಹೊಂದಿಕೊಂಡಿತ್ತು. 24ರ ಬೆಳಗಿನ ವಿಮಾನ.

ನವೆಂಬರ್ ಕೊನೆಯ ವಾರದಿಂದಲೇ ಬಾಬುವಿನ ಪ್ರಶ್ನೆ ಶುರುವಾಗಿತ್ತು. "ಅಣ್ಣಾ, ನಾಳೆ ಕ್ರಿಸ್ಮಸ್ಸಾ?" ನಾವು ಇಲ್ಲ ಅಂದರೆ, "ಹಾಗಾದ್ರೆ ನಾಡಿದ್ದಾ?" ಅದೂ ಅಲ್ಲ ಅಂದರೆ ಮುಖ ಸಪ್ಪೆ. ಮರುದಿನ ಬೆಳಿಗ್ಗೆ ನಾವು ಬ್ಯಾಗ್ ಹೆಗಲಿಗೆ ಹಾಕಿ ಮೆಟ್ಟಿಲು ಇಳಿಯುವಾಗ ಮತ್ತೆ ಅದೇ ಪ್ರಶ್ನೆ. ನಾಲ್ಕು ವರ್ಷದ ಮಗುವಿಗೆ ಆಗಿಹೋದದ್ದೆಲ್ಲ ನಿನ್ನೆ, ಆಗಬೇಕಾದ್ದೆಲ್ಲ ನಾಳೆ. "ಇನ್ನೂ ಇಪ್ಪತ್ತೇಳು ದಿನ ಉಂಟು ಮಾರಾಯ" ಅಂತ ಅವನ ಅಕ್ಕ ಹೇಳಿದರೆ ಅದು ಅವನ ಕಿವಿಗೆ ಬರೀ ಸದ್ದು. ಇಪ್ಪತ್ತೇಳಕ್ಕೂ ಇನ್ನೂರಕ್ಕೂ ಅವನಿಗೆ ವ್ಯತ್ಯಾಸ ಇಲ್ಲ.

ಅಡುಗೆಮನೆಯ ಗೋಡೆಯಲ್ಲಿ ಕ್ಯಾಲೆಂಡರ್ ಇತ್ತು. ಅಕ್ಕ ದಿನಾ ಒಂದು ಚೌಕಕ್ಕೆ ಅಡ್ಡಗೀಟು ಹಾಕ್ತಿದ್ದಳು. ಅವಳಿಗೆ ಅಷ್ಟು ಸಾಕು. ಬಾಬುವಿಗೆ ಮಾತ್ರ ಗೀಟು ಹಾಕಿದ ಚೌಕವೂ ಹಾಕದ ಚೌಕವೂ ಒಂದೇ. ಅವನಿಗೆ ಬೇಕಾದ್ದು ಕಣ್ಣೆದುರೇ ಕಡಿಮೆಯಾಗುವ ಅಥವಾ ಜಾಸ್ತಿಯಾಗುವ ಒಂದು ವಸ್ತು, ಕೈಯಲ್ಲಿ ಮುಟ್ಟಬಹುದಾದ್ದು. ಹಾಸನದವನು ಹೇಳಿದ, "ಇವನಿಗೆ ಡಿಜಿಟಲ್ ಡಿಸ್‌ಪ್ಲೇ ಆಗಲ್ಲ ಕಣ್ರೋ, ಅನಲಾಗೇ ಬೇಕು."

ಹುಡುಕುವಾಗ ಸಿಕ್ಕಿದ್ದು ಒಂದು ನಕ್ಷತ್ರ. ಜರ್ಮನಿಯ ಹೆರ್ನ್‌ಹುಟ್ ಎಂಬ ಊರಿನ ಹೆಸರಿನಿಂದ ಪ್ರಸಿದ್ಧವಾದ ಕಾಗದದ ನಕ್ಷತ್ರ, ಮೊರಾವಿಯನ್ ನಕ್ಷತ್ರ ಅಂತಲೂ ಕರೀತಾರೆ. ಮಂಗಳೂರಿನ ಮನೆಗಳ ಮುಂದೆ ಡಿಸೆಂಬರಿನಲ್ಲಿ ತೂಗುವ ಐದು ಮೊನೆಯ ನಕ್ಷತ್ರದ ಹಾಗೆ ಇದು ಚಪ್ಪಟೆ ಅಲ್ಲ. ಎಲ್ಲ ದಿಕ್ಕಿಗೂ ಮೊನೆ ಚಾಚಿಕೊಂಡಿರುತ್ತದೆ. ಒಳಗಿರೋದು 26 ಮುಖಗಳ ಒಂದು ಘನಾಕೃತಿ, 18 ಚೌಕ ಮತ್ತು 8 ಸಮಭುಜ ತ್ರಿಕೋನ. ರಾಂಬಿಕ್ಯೂಬಾಕ್ಟಾಹೀಡ್ರನ್ ಅಂತ ಅದರ ಹೆಸರು, ವೈವಾದಲ್ಲಿ ಕೇಳದಿರಲಿ ಅಂತ ಪ್ರಾರ್ಥಿಸುವಂಥ ಹೆಸರು. ಮೇಲಿನ ಒಂದು ಚೌಕವನ್ನು ತೂಗುಹಾಕಲಿಕ್ಕೆ, ವಯರ್ ಇಳಿಸಲಿಕ್ಕೆ ಬಿಟ್ಟರೆ ಉಳಿಯೋದು 25 ಮುಖ. ಒಂದೊಂದು ಮುಖಕ್ಕೂ ಒಂದೊಂದು ಪಿರಮಿಡ್ಡಿನಂಥ ಮೊನೆ. ಒಟ್ಟು 25 ಮೊನೆ.

ಡಿಸೆಂಬರ್ 1ರಿಂದ ದಿನಕ್ಕೊಂದು ಮೊನೆ ಅಂಟಿಸಿದರೆ ಕ್ರಿಸ್ಮಸ್ ದಿನ ನಕ್ಷತ್ರ ಪೂರ್ತಿ ಆಗುತ್ತದೆ!

ಇನ್ನೂ ಒಂದು ಮಜಾ ಶಿರಸಿಯವನಿಗೆ ಹೊಳೆಯಿತು. 25 ಮೊನೆಗಳಲ್ಲಿ ಚೌಕದ ಬುಡದವು 17, ತ್ರಿಕೋನದ ಬುಡದವು 8. 2024ರ ಡಿಸೆಂಬರ್ ಶುರುವಾದದ್ದು ಭಾನುವಾರ. 25ನೇ ತಾರೀಖಿನೊಳಗೆ ನಾಲ್ಕು ಭಾನುವಾರ, ಮೂರು ಶನಿವಾರ, ಆಮೇಲೆ ಕ್ರಿಸ್ಮಸ್. ಎಣಿಸಿ ನೋಡಿ, ಸರಿಯಾಗಿ ಎಂಟು. ಉಳಿದ ದಿನಗಳು ಹದಿನೇಳು. ಶನಿವಾರ, ಭಾನುವಾರ, ಕ್ರಿಸ್ಮಸ್ಸಿಗೆ ತ್ರಿಕೋನ, ಬಾಕಿ ದಿನಕ್ಕೆಲ್ಲ ಚೌಕ. ಯಾರೋ ನಮಗಾಗಿಯೇ ಲೆಕ್ಕ ಹಾಕಿಟ್ಟಂತೆ ಕೂತಿತು. ಎಲ್ಲ ವರ್ಷ ಹೀಗೆ ಬರೋದಿಲ್ಲ, ವಾರ ಬದಲಾದರೆ ಲೆಕ್ಕ ತಪ್ಪುತ್ತದೆ.

ಮೊದಲ ವರ್ಷ ಎಂಜಿನಿಯರಿಂಗ್ ಡ್ರಾಯಿಂಗಿನಲ್ಲಿ 'ಡೆವಲಪ್‌ಮೆಂಟ್ ಆಫ್ ಸರ್ಫೇಸಸ್' ಅಂತ ಒಂದು ಅಧ್ಯಾಯ ಇತ್ತಲ್ಲ, ಪಿರಮಿಡ್ಡನ್ನು ಬಿಚ್ಚಿ ಕಾಗದದ ಮೇಲೆ ಹರಡೋದು? ಜೀವನದಲ್ಲಿ ಯಾವತ್ತು ಬೇಕಾಗುತ್ತೆ ಇದು ಅಂತ ಆಗ ಬೈದುಕೊಂಡವರೆಲ್ಲ ಇದನ್ನು ಓದಬೇಕು. ಚೌಕದ ಮೊನೆಗೆ ನಾಲ್ಕು ಉದ್ದ ತ್ರಿಕೋನ, ತ್ರಿಕೋನದ ಮೊನೆಗೆ ಮೂರು. ಹದಿನೇಳು ನಾಲ್ಕಲೆ ಅರವತ್ತೆಂಟು, ಎಂಟು ಮೂರಲೆ ಇಪ್ಪತ್ತನಾಲ್ಕು, ಒಟ್ಟು 92 ತ್ರಿಕೋನ. ಬುಡ 6 ಸೆಂಟಿಮೀಟರ್, ಉದ್ದ ಸುಮಾರು 20. ದಪ್ಪ ಟ್ರೇಸಿಂಗ್ ಶೀಟಿನಲ್ಲಿ ಗುರುತು ಹಾಕಿ, ಕತ್ತರಿಸಿ, ಸ್ಕೇಲ್ ಇಟ್ಟು ಮಡಚಿ, ಫೆವಿಕಾಲ್ ಹಚ್ಚಿ ಎಲ್ಲ ಮೊನೆ ತಯಾರಾಗುವಾಗ ಎರಡು ರಾತ್ರಿ ಕಳೆದಿತ್ತು. ಒಳಗಿನ ಗೂಡನ್ನು ಕೊರಿಯರ್ ಬಾಕ್ಸಿನ ರಟ್ಟಿನಿಂದ ಮಾಡಿದೆವು. ಮೇಲಿನದೊಂದು ಬಿಟ್ಟು ಪ್ರತಿ ಮುಖಕ್ಕೂ ಒಂದು ಕಿಂಡಿ. ತ್ರಿಕೋನದ ಮೊನೆಗಳಿಗೆ ಅಕ್ಕ ಕ್ರೆಯಾನಿನಲ್ಲಿ ಕೆಂಪು ಬಣ್ಣ ಹಚ್ಚಿದಳು. ಮಿನಿ ಪ್ರಾಜೆಕ್ಟಿಗೆ ತಂದಿದ್ದ 3 ವ್ಯಾಟಿನ ಒಂದು ಎಲ್‌ಇಡಿ ಒಳಗೆ ಹೋಯಿತು. ಕಾಗದದ ನಕ್ಷತ್ರಕ್ಕೆ ಹಳೆ ಕಾಲದ ಫಿಲಮೆಂಟ್ ಬಲ್ಬ್ ಹಾಕಲೇಬಾರದು, ಬಿಸಿಗೆ ಹೊತ್ತಿಕೊಳ್ಳುತ್ತದೆ. ಮಾಡುವವರು ಇದೊಂದನ್ನು ನೆನಪಿಡಿ.

ಡಿಸೆಂಬರ್ 1ರ ಸಂಜೆ ಸಿಟ್‌ಔಟಿನಲ್ಲಿ ಅದನ್ನು ತೂಗುಹಾಕಿ ದೀಪ ಹಚ್ಚಿದಾಗ ನಾವು ಲೆಕ್ಕ ಹಾಕಿರದ ಒಂದು ಸಂಗತಿ ಆಯಿತು. ಮುಚ್ಚದ ಕಿಂಡಿಗಳಿಂದ ಬೆಳಕು ಹೊರಬಂದು ಗೋಡೆ, ಮಾಡು, ನೆಲ ಎಲ್ಲ ಕಡೆ ಚೌಕ ಚೌಕವಾಗಿ ಬಿತ್ತು. ಒಂದೆರಡು ತುಂಡು ಅಂಗಳದ ತೆಂಗಿನಮರದ ಮೇಲೂ ಬಿತ್ತು. ಸಂಜೆ ತೇರ್ಸ್, ಅಂದರೆ ಜಪಮಾಲೆ ಪ್ರಾರ್ಥನೆ, ಮುಗಿಸಿ ಬಂದ ಬಾಬುವನ್ನು ಗದಗಿನವನು ಎತ್ತಿ ಹಿಡಿದ. ಅವನು ಮೊದಲ ಕೆಂಪು ಮೊನೆಯನ್ನು ಒತ್ತಿದ. ಗೋಡೆಯ ಮೇಲಿನ ಒಂದು ತ್ರಿಕೋನ ಮಾಯ! ಆ ಬೆಳಕು ಗೋಡೆ ಬಿಟ್ಟು ಮೊನೆಯೊಳಗೆ ಬಂದು ಕೂತಿತು.

"ಎಲ್ಲ ಹೋದ್ರೆ ಕ್ರಿಸ್ಮಸ್ಸಾ?" ಅಂತ ಕೇಳಿದ.

ಹೌದು ಅಂದೆವು. ಅವತ್ತಿನಿಂದ "ನಾಳೆ ಕ್ರಿಸ್ಮಸ್ಸಾ" ಎಂಬ ಪ್ರಶ್ನೆ ನಿಂತೇಹೋಯಿತು. ಉತ್ತರ ಗೋಡೆ ಮೇಲೇ ಇತ್ತಲ್ಲ.

ಮಕ್ಕಳಿಗೆ ಕ್ರಿಸ್ಮಸ್ಸಿನ ದಿನ ಎಣಿಸಿ ತೋರಿಸುವ ಉಪಾಯ ಹುಡುಕಿದವರಲ್ಲಿ ನಾವು ಮೊದಲಿಗರೇನೂ ಅಲ್ಲ. 1839ರಲ್ಲಿ ಹ್ಯಾಂಬರ್ಗ್ ಹತ್ತಿರ ಬಡಮಕ್ಕಳ ಆಶ್ರಮ ನಡೆಸುತ್ತಿದ್ದ ಯೋಹಾನ್ ಹಿನ್ರಿಕ್ ವಿಕರ್ನ್ ಎಂಬ ಪಾದ್ರಿಗೂ ಮಕ್ಕಳು ದಿನಾ ಇದೇ ಪ್ರಶ್ನೆ ಕೇಳ್ತಿದ್ದರಂತೆ. ಅವರು ಒಂದು ಹಳೆ ಗಾಡಿಚಕ್ರ ತಂದು ಅದರ ಮೇಲೆ ಮೇಣದಬತ್ತಿ ನಿಲ್ಲಿಸಿದರು. ವಾರದ ದಿನಕ್ಕೆ ಚಿಕ್ಕ ಕೆಂಪು ಬತ್ತಿ, ಭಾನುವಾರಕ್ಕೆ ದೊಡ್ಡ ಬಿಳಿ ಬತ್ತಿ, ದಿನಕ್ಕೊಂದು ಹಚ್ಚೋದು. ಇವತ್ತು ಚರ್ಚುಗಳಲ್ಲಿ ಕ್ರಿಸ್ಮಸ್ಸಿನ ಮುಂಚಿನ ನಾಲ್ಕು ಭಾನುವಾರ, ಅಂದರೆ ಆಗಮನ ಕಾಲದಲ್ಲಿ, ಹಸಿರು ಎಲೆಯ ಬಳೆಯ ಮೇಲೆ ಹಚ್ಚುವ ನಾಲ್ಕು ಬತ್ತಿಗಳು ಆ ಚಕ್ರದ ಮರಿಗಳೇ. ಬಾಸೆಲ್ ಮಿಷನ್ನಿನವರು ಮಂಗಳೂರಿಗೆ ಬಂದದ್ದು 1834ರಲ್ಲಿ, ಈ ಚಕ್ರ ಹುಟ್ಟಿದ್ದು ಅದಕ್ಕಿಂತ ಐದು ವರ್ಷ ಆಮೇಲೆ. ಬೇಕಾದರೆ ಲೆಕ್ಕ ಹಾಕಿ ನೋಡಿ, 1839ರ ಡಿಸೆಂಬರ್ 1 ಕೂಡ ಭಾನುವಾರವೇ. ನಮ್ಮ ಎಂಟು ತ್ರಿಕೋನದ ಲೆಕ್ಕ ಆ ವರ್ಷಕ್ಕೂ ಸರಿಹೋಗುತ್ತಿತ್ತು.

ಜರ್ಮನಿಯ ಮನೆಗಳಲ್ಲಿ ಇದಕ್ಕಿಂತ ಸರಳವಾದ ಉಪಾಯಗಳೂ ಇದ್ದವು. ಬಾಗಿಲ ಮೇಲೆ 24 ಚಾಕ್‌ಪೀಸ್ ಗೀಟು ಎಳೆದು, ಮಕ್ಕಳು ದಿನಕ್ಕೊಂದು ಒರೆಸೋದು. ಕ್ಯಾಥೊಲಿಕ್ ಮನೆಗಳಲ್ಲಿ ಗೋದಲಿಯ ತೊಟ್ಟಿಲಿಗೆ ದಿನಕ್ಕೊಂದು ಹುಲ್ಲುಕಡ್ಡಿ ಇಡೋದು, ಮಗು ಯೇಸು ಮಲಗುವ ಹೊತ್ತಿಗೆ ಹಾಸಿಗೆ ಮೆತ್ತಗಾಗಿರಲಿ ಅಂತ. 20ನೇ ಶತಮಾನದ ಮೊದಲ ದಶಕದಲ್ಲಿ ಮ್ಯೂನಿಕ್‌ನ ಗೆರ್ಹಾರ್ಡ್ ಲಾಂಗ್ ಎಂಬ ಮುದ್ರಕ ಇದನ್ನು ಅಚ್ಚಿನ ಕ್ಯಾಲೆಂಡರ್ ಮಾಡಿದ. ಚಿಕ್ಕವನಿದ್ದಾಗ ಅವನಮ್ಮ ರಟ್ಟಿನ ಮೇಲೆ 24 ಸಿಹಿ ಹೊಲಿದು, ದಿನಕ್ಕೊಂದು ತಿನ್ನಲು ಬಿಡ್ತಿದ್ದಳು ಎಂಬ ಕಥೆ ಪ್ರಸಿದ್ಧ. ಪುಟ್ಟ ಕಿಟಕಿ ತೆಗೆದರೆ ಒಳಗೆ ಚಾಕೊಲೇಟ್ ಇರುವ ಈಗಿನ ಪೆಟ್ಟಿಗೆಗಳೆಲ್ಲ ಆ ಅಮ್ಮನ ಋಣದಲ್ಲಿವೆ.

ಆದರೆ ನಾವಿದ್ದ ಮನೆಯಲ್ಲಿ ಇವು ಯಾವುದೂ ಇಲ್ಲದೆಯೂ ಒಂದು ಎಣಿಕೆ ಮೊದಲಿನಿಂದ ನಡೀತಾ ಬಂದಿತ್ತು. ಅದು ಅಜ್ಜಿಯ ಅಡುಗೆಮನೆಯಲ್ಲಿ. ಮೊದಲು ಕೇಕಿಗೆ ಹಣ್ಣು ನೆನೆಹಾಕೋದು. ಆಮೇಲೆ ಕುಸ್ವಾರ್, ಅಂದರೆ ಕ್ರಿಸ್ಮಸ್ಸಿನ ತಿಂಡಿಗಳ ಗುಂಪು. ಒಂದು ದಿನ ಕಿಡಿಯೊ, ಮನೆಮಂದಿಯೆಲ್ಲ ಕೂತು ಹಿಟ್ಟಿನ ಚೂರನ್ನು ಫೋರ್ಕಿನ ಮೇಲೆ ಸುರುಳಿ ಹೊರಳಿಸಿ ಕರಿಯೋದು. ಇನ್ನೊಂದು ದಿನ ನೆವ್ರಿ, ನಮ್ಮ ಕರ್ಜಿಕಾಯಿಯ ತಮ್ಮ. ಮತ್ತೊಂದು ದಿನ ಅಚ್ಚು ಅದ್ದಿ ಕರಿಯುವ ಹೂವಿನಾಕಾರದ ತಿಂಡಿ. ಎಲ್ಲ ಡಬ್ಬಕ್ಕೆ ಹೋಗುತ್ತಿತ್ತು, ಹಬ್ಬದ ತನಕ ಮುಟ್ಟುವಂತಿಲ್ಲ. ಮಹಡಿಯಲ್ಲಿ ಕೂತು ಕಂಟ್ರೋಲ್ ಸಿಸ್ಟಮ್ಸ್ ಓದುವವರ ಮೂಗಿಗೆ ಆ ಎಣ್ಣೆಯ ವಾಸನೆ ಬರುವಾಗ ಯಾವ ಸಿಸ್ಟಮ್ಮೂ ಕಂಟ್ರೋಲಿನಲ್ಲಿ ಇರೋದಿಲ್ಲ. ಡಿಸೆಂಬರ್ 11ಕ್ಕೆ ಅಜ್ಜಿ ಒಂದು ಅಗಲ ತಟ್ಟೆಯಲ್ಲಿ ಮಣ್ಣು ಹರಡಿ ರಾಗಿ ಬಿತ್ತಿದರು. ಗೋದಲಿಯ ಸುತ್ತ ಹಸಿರು ಗದ್ದೆ ಕಾಣಬೇಕಲ್ಲ, ಅದಕ್ಕೆ. ಹಬ್ಬದ ಹೊತ್ತಿಗೆ ಪೈರು ಗೇಣುದ್ದ ಬರಲಿಕ್ಕೆ ಯಾವಾಗ ಬಿತ್ತಬೇಕು ಎಂಬ ಲೆಕ್ಕ ಅವರ ಬೆರಳ ತುದಿಯಲ್ಲಿತ್ತು.

12ರ ರಾತ್ರಿ ಆಂಟಿ ಮೆಟ್ಟಿಲು ಹತ್ತಿ ಬಂದರು. ಸಾಮಾನ್ಯವಾಗಿ ಬರುವವರಲ್ಲ. ಅಂಕಲ್ ಫೋನ್ ಮಾಡಿದ್ದರಂತೆ. ಕಂಪನಿಯಲ್ಲಿ ಕೆಲಸ ಮುಗಿದಿಲ್ಲ, ರಜೆ ಮುಂದಕ್ಕೆ ಹೋಗಿದೆ. ಇನ್ನು ಬರೋದು ಜನವರಿ 11ಕ್ಕೆ. "ಅವರಿಗೆ ಹೇಳ್ಲಿಕ್ಕೆ ಬಾಯಿ ಬರ್ತಾ ಇಲ್ಲ. ಬಾಬು ಪಪ್ಪನಿಗೆ ಅಂತ್ಲೇ ಆ ಸ್ಟಾರ್ ಹಾಕುದು" ಅಂದರು.

ಅದು ನಮಗೂ ಗೊತ್ತಿತ್ತು. ಮಕ್ಕಳು ತಾವಾಗಿಯೇ ಎರಡನ್ನೂ ಒಂದೇ ಮಾಡಿಕೊಂಡಿದ್ದರು. ಗೋಡೆಯ ಬೆಳಕೆಲ್ಲ ಹೋದರೆ ಕ್ರಿಸ್ಮಸ್, ಕ್ರಿಸ್ಮಸ್ ಅಂದರೆ ಪಪ್ಪ. ಬಾಬು ಒಮ್ಮೆ ಕೇಳಿಯೂ ಇದ್ದ, "ಪಪ್ಪ ಕ್ರಿಸ್ಮಸ್ಸಿಗೆ ಬರುದಾ, ಕ್ರಿಸ್ಮಸ್ ಪಪ್ಪನೊಟ್ಟಿಗೆ ಬರುದಾ?" ಅಂತ.

ನಾಲ್ಕು ಎಂಜಿನಿಯರಿಂಗ್ ತಲೆಗಳು ರಾತ್ರಿಯಿಡೀ ಪರಿಹಾರ ಹುಡುಕಿದವು. ಇನ್ನೂ ಹದಿನೇಳು ಮೊನೆ ಸೇರಿಸಿದರೆ? 26 ಮುಖದ ಗೂಡಿನಲ್ಲಿ ಅದಕ್ಕೆ ಜಾಗ ಎಲ್ಲಿ? 24ರ ತನಕ ಹೇಳದೇ ಇದ್ದರೆ? ಅದು ಅನ್ಯಾಯ, ಅವತ್ತು ವಿಮಾನ ನಿಲ್ದಾಣಕ್ಕೆ ಹೋಗಲು ಅಂಗಿ ಹಾಕಿ ಕೂತ ಮಗುವಿಗೆ ಯಾರು ಹೇಳೋದು? ಬೆಳಿಗ್ಗೆ ಅಜ್ಜಿಯನ್ನೇ ಕೇಳಿದೆವು. ಅವರು ತೆಂಗಿನಕಾಯಿ ತುರೀತಾ ಇದ್ದವರು ತಲೆ ಎತ್ತದೆ ಹೇಳಿದರು:

"ನೋಡಿ ಮಕ್ಳೆ, ಕ್ರಿಸ್ಮಸ್ ಯಾರು ಬಂದ್ರೂ ಬಾರದಿದ್ರೂ ಇಪ್ಪತ್ತೈದಕ್ಕೆ ಬರ್ತದೆ. ರಜೆ ಹಾಗಲ್ಲ, ಅದು ಕೊಡುವವನ ಕೈಯಲ್ಲಿರುದು. ಎರಡನ್ನೂ ಒಂದೇ ದಾರದಲ್ಲಿ ಕಟ್ಟಿದ್ರೆ ಒಂದು ತುಂಡಾದಾಗ ಎರಡೂ ಬೀಳ್ತದೆ. ಇವರ ಅಜ್ಜ ಬೊಂಬಾಯಿಯಲ್ಲಿದ್ದಾಗ ನಾನೂ ಕಾದದ್ದೇ. ಬಂದ ವರ್ಷವೂ ಕಿಡಿಯೊ ಮಾಡಿದ್ದೆ, ಬಾರದ ವರ್ಷವೂ ಮಾಡಿದ್ದೆ. ಇವತ್ತೇ ಹೇಳಿ. ಅವನಪ್ಪನೇ ಹೇಳ್ಲಿ."

ಸಂಜೆ ಅಂಕಲ್ ವಿಡಿಯೊ ಕಾಲ್‌ನಲ್ಲಿ ಕೊಂಕಣಿಯಲ್ಲಿ ಮಕ್ಕಳಿಗೆ ಹೇಳಿದರು. ನಾವು ಮೆಟ್ಟಿಲ ಮೇಲೆ ಕೂತಿದ್ದೆವು. ಮಾತು ಪೂರ್ತಿ ಅರ್ಥವಾಗಲಿಲ್ಲ, ಅರ್ಥವಾಗುವ ಅಗತ್ಯವೂ ಇರಲಿಲ್ಲ. ಅಕ್ಕ ಅತ್ತಳು. ಬಾಬು ಅಳಲಿಲ್ಲ. ತೇರ್ಸ್ ಮುಗಿದ ಮೇಲೆ ಹದಿಮೂರನೇ ಮೊನೆ ಕೊಟ್ಟರೆ ಕೈ ಹಿಂದಕ್ಕೆ ಕಟ್ಟಿಕೊಂಡ.

"ಬೇಡ. ಹಾಕಿದ್ರೆ ಕ್ರಿಸ್ಮಸ್ ಬರ್ತದೆ."

ನಮಗೆ ಏನು ಹೇಳಬೇಕೋ ತೋಚಲಿಲ್ಲ. ಅವನ ಲೆಕ್ಕದಲ್ಲಿ ತಪ್ಪೇ ಇರಲಿಲ್ಲ. ಹನ್ನೆರಡು ದಿನದಿಂದ ಅವನು ಮೊನೆ ಹಾಕಿದ ಹಾಗೆಲ್ಲ ಹಬ್ಬ ಹತ್ತಿರ ಬಂದಿತ್ತು. ಹಾಗಾದರೆ ಹಾಕದಿದ್ದರೆ ಹಬ್ಬ ಅಲ್ಲೇ ನಿಲ್ಲಬೇಕು, ಪಪ್ಪ ಬರುವ ತನಕ. ಅವತ್ತು 13, ಶುಕ್ರವಾರ. ನಕ್ಷತ್ರಕ್ಕೆ ಏನೂ ಸೇರಲಿಲ್ಲ. ಶನಿವಾರವೂ ಸೇರಲಿಲ್ಲ. ಗೋಡೆಯ ಮೇಲೆ ಹದಿಮೂರು ಬೆಳಕಿನ ತುಂಡು ಹಾಗೇ ಇದ್ದವು. ಯಾರೂ ಒತ್ತಾಯ ಮಾಡಲಿಲ್ಲ. "ಮೊನೆ ಹಾಕಿದ್ರೆ ಚಾಕ್ಲೇಟ್ ಕೊಡ್ತೇವೆ" ಅನ್ನಲು ಬಾಯಿ ತೆರೆದ ಬೆಂಗಳೂರಿನವನನ್ನು ಆಂಟಿ ಕಣ್ಣಲ್ಲೇ ತಡೆದರು.

ಶನಿವಾರ ರಾತ್ರಿ ಈ ನಕ್ಷತ್ರ ಎಲ್ಲಿ ಹುಟ್ಟಿತು ಎಂಬುದನ್ನು ನಾವು ಸರಿಯಾಗಿ ಓದಿದೆವು. ಅಲ್ಲಿಯ ತನಕ ನಮಗೆ ಬೇಕಿದ್ದದ್ದು ಅಳತೆ ಮಾತ್ರ. 19ನೇ ಶತಮಾನದ ಮೊದಲ ಭಾಗದಲ್ಲಿ, ಜರ್ಮನಿಯ ನೀಸ್ಕಿ ಎಂಬ ಊರಿನಲ್ಲಿ ಮೊರಾವಿಯನ್ ಪಂಗಡದವರ ವಸತಿ ಶಾಲೆ ಇತ್ತು. ಅಲ್ಲಿ ಮಕ್ಕಳಿಗೆ ಜ್ಯಾಮಿತಿ ಕಲಿಸಲಿಕ್ಕೆ ಮಾಡಿಸಿದ ನಕ್ಷತ್ರ ಇದು. ಆ ಪಂಗಡದ ವಸತಿ ಶಾಲೆಗಳಲ್ಲಿ ಇದ್ದವರಲ್ಲಿ ಎಷ್ಟೋ ಜನ ಮಿಷನರಿಗಳ ಮಕ್ಕಳು. ಅಪ್ಪ ಅಮ್ಮ ಸಮುದ್ರದಾಚೆ ಎಲ್ಲೋ ದೂರದ ದೇಶದಲ್ಲಿ, ಮಕ್ಕಳು ಇಲ್ಲಿ ಹಾಸ್ಟೆಲಿನಲ್ಲಿ. ಆಗಮನ ಕಾಲದ ಮೊದಲ ಭಾನುವಾರ ಕೂತು ಅವರು ಈ ನಕ್ಷತ್ರ ಕಟ್ಟುತ್ತಿದ್ದರು.

ನಾವು ನಾಲ್ವರೂ ಸ್ವಲ್ಪ ಹೊತ್ತು ಮಾತಾಡಲಿಲ್ಲ. ಜ್ಯಾಮಿತಿಗಾಗಿ ಆರಿಸಿಕೊಂಡ ಆಟಿಕೆ ಇದೇ ಮನೆಯಂಥ ಮನೆಯ ಮಕ್ಕಳ ಕೈಯಿಂದಲೇ ಬಂದದ್ದಾಗಿತ್ತು.

ಬೆಳಿಗ್ಗೆ ಇದನ್ನು ಅಕ್ಕನಿಗೆ ಹೇಳಿದೆವು. ಗಮನ ಕೊಟ್ಟು ಕೇಳಿದಳು. "ಅವರ ಪಪ್ಪ ಕ್ರಿಸ್ಮಸ್ಸಿಗೆ ಬರ್ತಿದ್ರಾ?" ಅಂದಳು. ಆಗ ವಿಮಾನ ಇರಲಿಲ್ಲ, ಹಡಗಿನಲ್ಲಿ ತಿಂಗಳುಗಟ್ಟಲೆ ಬೇಕಿತ್ತು, ಎಷ್ಟೋ ಮಕ್ಕಳಿಗೆ ವರ್ಷಾನುಗಟ್ಟಲೆ ಅಪ್ಪ ಅಮ್ಮ ಸಿಗ್ತಿರಲಿಲ್ಲ ಅಂದೆವು. "ಆದ್ರೂ ಸ್ಟಾರ್ ಮಾಡ್ತಿದ್ರಾ?" ಮಾಡ್ತಿದ್ದರು. ಅವಳು ಒಂದು ಕ್ಷಣ ಯೋಚಿಸಿ ಒಳಗೆ ಓಡಿದಳು. ತಮ್ಮನಿಗೆ ಏನು ಹೇಳಿದಳೋ ನಮಗೆ ಗೊತ್ತಿಲ್ಲ.

ಆ ಭಾನುವಾರ, 15ನೇ ತಾರೀಖು, ಚರ್ಚಿನಲ್ಲಿ ಮೂರನೇ ಬತ್ತಿ ಹಚ್ಚುವ ದಿನ. ನಾಲ್ಕರಲ್ಲಿ ಮೂರು ನೇರಳೆ ಬಣ್ಣದವು, ಮೂರನೇ ವಾರದ್ದು ಮಾತ್ರ ಗುಲಾಬಿ. ಕಾಯುವಿಕೆ ಅರ್ಧಕ್ಕಿಂತ ಹೆಚ್ಚು ಮುಗಿಯಿತು, ಸಂತೋಷಪಡಿ ಎಂಬ ಸೂಚನೆ ಅದು. ಪೂಜೆ ಮುಗಿಸಿ ಬಂದ ಬಾಬು ಗೇಟಿನಿಂದಲೇ "ಪಿಂಕ್ ಕ್ಯಾಂಡಲ್, ಪಿಂಕ್ ಕ್ಯಾಂಡಲ್" ಅಂತ ಕೂಗಿದ. ಅಂಗಳದ ಮೂಲೆಯಲ್ಲಿ ಅಜ್ಜಿ ರಾಗಿ ತಟ್ಟೆಗೆ ನೀರು ಚಿಮುಕಿಸ್ತಿದ್ದರು. ಮಣ್ಣಿನ ಮೇಲೆ ಹಸಿರು ಸೂಜಿಗಳು ಎದ್ದಿದ್ದವು.

ಬಾಬು ಕೂತು ನೋಡಿದ. "ಇದಕ್ಕೆ ಯಾರು ಹೇಳಿದ್ದು ಬರ್ಲಿಕ್ಕೆ?"

"ಯಾರೂ ಹೇಳ್ಳಿಲ್ಲ ಮಗಾ. ದಿನ ಆಯ್ತಲ್ಲ, ಬಂತು" ಅಂದರು ಅಜ್ಜಿ.

ಅವತ್ತು ಸಂಜೆ ಕರೆಯುವ ಮೊದಲೇ ಬಂದ. ಬಾಕಿ ಉಳಿದ ಎರಡು, ಅವತ್ತಿನದೊಂದು, ಒಟ್ಟು ಮೂರು ಮೊನೆ ಒಟ್ಟಿಗೇ ಕೇಳಿದ. ಒಂದು ಬಿಳಿ, ಎರಡು ಕೆಂಪು. ಹಾಕಿಯಾದ ಮೇಲೆ ಗೋಡೆ, ಮಾಡು, ನೆಲ, ತೆಂಗಿನಮರ ಎಲ್ಲ ನೋಡಿ ಬೆರಳು ಚಾಚಿ ಎಣಿಸತೊಡಗಿದ. ಒಂದು, ಎರಡು, ಮೂರು... ಹತ್ತಕ್ಕೆ ಬಂದಾಗ ಬೆಳಕೂ ಮುಗಿಯಿತು, ಅವನಿಗೆ ಬರುವ ಎಣಿಕೆಯೂ ಮುಗಿಯಿತು. ಮೊದಲ ಸಲ ಎಲ್ಲವನ್ನೂ ಅವನೇ ಎಣಿಸಿದ್ದ. "ಹತ್ತೇ ಇರುದು!" ಅಂತ ಇಡೀ ಮನೆಗೆ ಕೇಳುವ ಹಾಗೆ ಕೂಗಿದ. ಗದಗಿನವನು ಅವನನ್ನು ಹೆಗಲ ಮೇಲೆ ಕೂರಿಸಿಕೊಂಡು, "ಹೌದಲೇ ತಮ್ಮಾ, ಹತ್ತ ಉಳದಾವ" ಅಂತ ಅಂಗಳ ಸುತ್ತಿದ.

24ರ ರಾತ್ರಿ ಬಲಿಪೂಜೆ ಮುಗಿಸಿ ಅವರೆಲ್ಲ ಬರುವಾಗ ಹನ್ನೆರಡು ದಾಟಿತ್ತು. ನಿದ್ದೆಗಣ್ಣಿನಲ್ಲೇ ಬಾಬು ಕೊನೆಯ ಕೆಂಪು ಮೊನೆ ಒತ್ತಿದ. ಗೋಡೆಯ ಮೇಲಿನ ಕೊನೆಯ ತುಂಡೂ ಹೋಯಿತು, ನಕ್ಷತ್ರ ಇಡಿಯಾಗಿ ಬೆಳಗಿತು. ಕುವೈತಿನಲ್ಲಿ ಅಂಕಲ್ ಫೋನಿನ ಆ ಕಡೆಯಿಂದ ನೋಡುತ್ತಿದ್ದರು. ಆಂಟಿ ಫೋನನ್ನು ಬಹಳ ಹೊತ್ತು ಎತ್ತಿ ಹಿಡಿದು ನಿಂತಿದ್ದರು.

ಕುಸ್ವಾರಿನ ತಟ್ಟೆ ನಮ್ಮ ರೂಮಿಗೂ ಬಂತು. ಅದರ ಗತಿ ಏನಾಯಿತು ಅಂತ ವಿವರಿಸಬೇಕಾಗಿಲ್ಲ.

26ರಿಂದ ಇನ್ನೊಂದು ಎಣಿಕೆ ಶುರುವಾಯಿತು. ಇದು ಅಕ್ಕನ ಐಡಿಯಾ, ನಮ್ಮದಲ್ಲ. ಒಂದು ಖಾಲಿ ಹಾರ್ಲಿಕ್ಸ್ ಬಾಟಲಿ ತೊಳೆದು ಒಣಗಿಸಿದಳು. ದಿನಾ ರಾತ್ರಿ ತಿಂಡಿ ತಿನ್ನುವಾಗ ತನ್ನ ಪಾಲಿನಿಂದಲೋ ತಮ್ಮನ ಪಾಲಿನಿಂದಲೋ ಒಂದು ನೆವ್ರಿಯೋ ಒಂದು ಸುರುಳಿ ಕಿಡಿಯೊವೋ ಅದಕ್ಕೆ ಹಾಕೋದು. ಪಪ್ಪನಿಗೆ. ಮೊದಲನೆಯ ಎಣಿಕೆಯಲ್ಲಿ ಬೆಳಕು ಕಡಿಮೆಯಾಗ್ತಾ ಹೋಗಿತ್ತು, ಇದರಲ್ಲಿ ಬಾಟಲಿ ತುಂಬ್ತಾ ಹೋಗುತ್ತಿತ್ತು. "ರಜೆ ಮತ್ತೆ ಮುಂದೆ ಹೋದ್ರೆ?" ಅಂತ ಹಾಸನದವನು ಮೆಲ್ಲಗೆ ಕೇಳಿದ. "ಹೋದ್ರೆ ಜಾಸ್ತಿ ಆಗ್ತದೆ, ಅಷ್ಟೇ" ಅಂದಳು ಆ ಏಳು ವರ್ಷದವಳು. ತಡವಾದರೂ ಕೆಡದ ಎಣಿಕೆಯೊಂದನ್ನು ಅವಳು ಕಂಡುಹಿಡಿದಿದ್ದಳು.

ರಜೆ ಮುಂದೆ ಹೋಗಲಿಲ್ಲ. ಜನವರಿ 11ರ ಶನಿವಾರ ಬೆಳಿಗ್ಗೆ ಬಾಡಿಗೆ ಕಾರು ಗೇಟಿನ ಮುಂದೆ ನಿಂತಿತು. ನಮಗೆ ಸೋಮವಾರ ಪರೀಕ್ಷೆ. ಆದರೂ ನಾಲ್ವರೂ ಕಿಟಕಿಯಲ್ಲೇ ಇದ್ದೆವು. ಬಾಬು ಅಪ್ಪನ ಕೈ ಹಿಡಿದು ಮೊದಲು ಸಿಟ್‌ಔಟಿಗೆ ಎಳೆದುಕೊಂಡು ಹೋದ. ಹಗಲು ಹೊತ್ತಿನಲ್ಲೇ ಸ್ವಿಚ್ ಹಾಕಿಸಿದ. ಬೀದಿಯ ಬೇರೆ ಮನೆಗಳ ನಕ್ಷತ್ರಗಳೆಲ್ಲ ಆಗಲೇ ಅಟ್ಟ ಸೇರಿದ್ದವು, ಇದೊಂದು ಮಾತ್ರ ಇಳಿದಿರಲಿಲ್ಲ. ಆಮೇಲೆ ಬಾಟಲಿ ಬಂತು. ಲೆಕ್ಕದ ಪ್ರಕಾರ ಅದರಲ್ಲಿ ಹದಿನಾರು ತಿಂಡಿ ಇರಬೇಕಿತ್ತು. ಅಂಕಲ್ ಎಣಿಸಿದರೆ ಹನ್ನೊಂದು. ಉಳಿದ ಐದು ಎಲ್ಲಿ ಹೋಯಿತು ಅಂತ ಯಾರೂ ಬಾಬುವನ್ನು ಕೇಳಲಿಲ್ಲ.

ಇಷ್ಟರಲ್ಲಿ ನಾವು ಕಲಿತದ್ದನ್ನು ಲ್ಯಾಬ್ ರೆಕಾರ್ಡಿನ 'ರಿಸಲ್ಟ್' ಹಾಗೆ ಬರೆಯೋದಾದರೆ ನಾಲ್ಕೇ ಮಾತು. ಚಿಕ್ಕ ಮಕ್ಕಳಿಗೆ ದಿನ ಎಣಿಸಲಿಕ್ಕೆ ಸಂಖ್ಯೆ ಬೇಡ, ಕೈಗೆ ಸಿಗುವ ವಸ್ತು ಬೇಕು. ಅದನ್ನು ದಿನಾ ಒಂದೇ ಹೊತ್ತಿಗೆ ಮಾಡಬೇಕು, ಊಟವಾದ ಮೇಲೋ ಪ್ರಾರ್ಥನೆ ಆದ ಮೇಲೋ. ಅದನ್ನು ಬೆದರಿಕೆಗೂ ಲಂಚಕ್ಕೂ ಬಳಸಬಾರದು, ಹೋಂವರ್ಕ್ ಮಾಡದಿದ್ದರೆ ಇವತ್ತಿನ ಮೊನೆ ಇಲ್ಲ ಎಂಬ ಮಾತು ಬಂದ ದಿನವೇ ಆ ಆಟ ಮುಗೀತು. ನಾಲ್ಕನೆಯದು ಅಜ್ಜಿಯದು: ಖಂಡಿತ ಬರುವುದನ್ನೂ, ಬರಬಹುದಾದ್ದನ್ನೂ ಒಂದೇ ದಾರದಲ್ಲಿ ಕಟ್ಟಬೇಡಿ. ಎರಡಕ್ಕೂ ಕಾಯಬಹುದು, ಬೇರೆ ಬೇರೆ ಪಾತ್ರೆಯಲ್ಲಿ.

ಇದು ಕ್ರಿಸ್ಮಸ್ಸಿಗೆ ಮಾತ್ರ ಸಂಬಂಧಿಸಿದ್ದಲ್ಲ ಅಂತ ಆಮೇಲೆ ಅನಿಸಿತು. ಪ್ಲೇಸ್‌ಮೆಂಟ್ ಸೀಸನ್ನಿನಲ್ಲಿ ನಮ್ಮ ಬ್ಯಾಚಿನ ಎಷ್ಟು ಜನ ಡಿಗ್ರಿ ಮುಗಿಯೋದನ್ನೂ ಆಫರ್ ಲೆಟರನ್ನೂ ಒಂದೇ ದಾರದಲ್ಲಿ ಕಟ್ಟಿಕೊಂಡು ಕೂತಿದ್ದೇವೆ ನೋಡಿ. ಒಂದು ಕ್ಯಾಲೆಂಡರಿನ ಕೈಯಲ್ಲಿದೆ, ಇನ್ನೊಂದು ಕೊಡುವವನ ಕೈಯಲ್ಲಿ.

ಈ ಡಿಸೆಂಬರಿಗೆ ನಿಮ್ಮ ಮನೆಯಲ್ಲೋ ಪಕ್ಕದ ಮನೆಯಲ್ಲೋ "ನಾಳೇನಾ? ನಾಡಿದ್ದಾ?" ಅಂತ ಕೇಳುವ ಪುಟಾಣಿಗಳಿದ್ದರೆ ನಕ್ಷತ್ರದ ಅಳತೆಯ ಹಾಳೆ ನಮ್ಮ ಹತ್ತಿರ ಇದೆ. ಕ್ಲಬ್ ರೂಮಿಗೆ ಬನ್ನಿ, ಜೆರಾಕ್ಸ್ ಕೊಡ್ತೇವೆ. ಕತ್ತರಿ, ಫೆವಿಕಾಲ್ ನಿಮ್ಮದು. ಎರಡು ರಾತ್ರಿ ಬೇಕು, ಮತ್ತೆ ಎತ್ತಿ ಹಿಡಿಯಲಿಕ್ಕೆ ಗದಗಿನವನ ಹಾಗೆ ಸ್ವಲ್ಪ ಎತ್ತರದವರೊಬ್ಬರು ಬೇಕು.